ಎಂ.ಎ. ಅರ್ಥಶಾಸ್ತ್ರಕ್ಕೆ ಸೇರುವ ಮುಂಚೆ ಗಣಿತ
ಬಿ.ಎ. ಮುಗಿಸಿ ಎಂ.ಎ. ಅರ್ಥಶಾಸ್ತ್ರಕ್ಕೆ ಹೊರಟವರಿಗೆ ಒಂದು ಮಾತು. ಮೊದಲ ಸೆಮಿಸ್ಟರ್‌ನಲ್ಲೇ ಕಾಲೆಳೆಯುವುದು ಗಣಿತ. ಪಿಯುಸಿಯಲ್ಲಿ ಗಣಿತ ಬಿಟ್ಟವರಿಗಂತೂ ಜಾಸ್ತಿ. ನನಗೂ ಹಾಗೇ ಆಗಿತ್ತು.

ರಜೆಯಲ್ಲೇ ಎನ್‌ಸಿಇಆರ್‌ಟಿಯ 11, 12ನೇ ತರಗತಿ ಪುಸ್ತಕ ತೆಗೆದು ಡಿಫರೆನ್ಶಿಯೇಷನ್ (ಒಂದು ಬದಲಾದಾಗ ಇನ್ನೊಂದು ಯಾವ ದರದಲ್ಲಿ ಬದಲಾಗುತ್ತದೆ ಎಂಬ ಲೆಕ್ಕ), ಮ್ಯಾಟ್ರಿಕ್ಸ್ (ಸಾಲು, ಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಲೆಕ್ಕ) ಇಷ್ಟಾದರೂ ಮಾಡಿ. ಸುಮ್ನೆ ಓದಬೇಡಿ, ಪೆನ್ನು ಹಿಡಿಯಿರಿ.

ಒಂದು ಲೆಕ್ಕ ನೋಡಿ. ಒಟ್ಟು ವೆಚ್ಚ = 100 + 5ಕ್ಯೂ + ಕ್ಯೂ². ಕ್ಯೂ ಅಂದರೆ ತಯಾರಿಸಿದ ವಸ್ತುಗಳ ಸಂಖ್ಯೆ. ಡಿಫರೆನ್ಶಿಯೇಟ್ ಮಾಡಿದರೆ ಸೀಮಾಂತ ವೆಚ್ಚ (ಸುಮಾರಾಗಿ, ಇನ್ನೊಂದು ವಸ್ತು ಮಾಡಲು ತಗಲುವ ಹೆಚ್ಚುವರಿ ವೆಚ್ಚ) 5 + 2ಕ್ಯೂ. ಕ್ಯೂ ಜಾಗದಲ್ಲಿ 10 ಹಾಕಿ. ಸೀಮಾಂತ ವೆಚ್ಚ 25, ಸರಾಸರಿಯೂ (ಒಟ್ಟು ವೆಚ್ಚ 250 ಭಾಗಿಸು 10) 25! ಸರಾಸರಿ ವೆಚ್ಚ ಅತಿ ಕಡಿಮೆ ಇರುವುದು ಅಲ್ಲೇ. ಬಿ.ಎ.ಯಲ್ಲಿ ಬಾಯಿಪಾಠ ಮಾಡಿದ ಯು ಆಕಾರದ ರೇಖೆಯ ತಳ ಇದೇ ಅಲ್ವಾ? ನಂಬಿಕೆ ಬರದಿದ್ದರೆ 9, 11 ಹಾಕಿ ನೋಡಿ. ಎರಡೂ ಕಡೆ ಸರಾಸರಿ ವೆಚ್ಚ 25ಕ್ಕಿಂತ ಸ್ವಲ್ಪ ಮೇಲೇ ಬರುತ್ತದೆ.