ಅವರೆ ನೆನೆಯುವಷ್ಟರಲ್ಲಿ ದಿಂಬಿನ ಕವರ್: ನನ್ನ ರಜೆಯ ಒಂದು ವಾರ

ಡಿಸೆಂಬರ್ ಕೊನೆಯಲ್ಲಿ ನಮ್ಮ ಸ್ಕೂಲಿಗೆ ಒಂದು ವಾರ ಕ್ರಿಸ್ಮಸ್ ರಜೆ ಕೊಡುತ್ತಾರೆ. ಬೇಸಿಗೆ ರಜೆಗಿಂತ ನನಗೆ ಇದೇ ಇಷ್ಟ. ಏಪ್ರಿಲ್‌ನಲ್ಲಿ ಕೋಲಾರದ ಬಿಸಿಲಿಗೆ ಒಲೆ ಮುಂದೆ ನಿಲ್ಲುವುದೇ ಬೇಡ ಅನಿಸುತ್ತದೆ, ಡಿಸೆಂಬರ್ ಚಳಿಯಲ್ಲಾದರೆ ಅಡುಗೆಮನೆಯೇ ಬೆಚ್ಚಗಿರುವ ಜಾಗ. ಕಳೆದ ರಜೆಯಲ್ಲಿ ಎಲ್ಲಿಗೂ ಹೋಗದೆ ಅಡುಗೆ, ಕೇಕು, ಹೊಲಿಗೆ ಅಂತ ಮನೆಯಲ್ಲೇ ಕಳೆದೆ. ಹೇಗೆ ಹೊಂದಿಸಿಕೊಂಡೆ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದರು, ಅದಕ್ಕೇ ಬರೆದಿಡುತ್ತಿದ್ದೇನೆ.

ಈ ಮೂರರಲ್ಲೂ ಮಾಡುವುದಕ್ಕಿಂತ ಕಾಯುವುದೇ ಜಾಸ್ತಿ. ಅವರೆ ನೆನೆಯಬೇಕು, ಕೇಕು ಬೇಯಬೇಕು, ಗಂಜಿ ತೆಗೆಯಲು ಒಗೆದ ಬಟ್ಟೆ ಒಣಗಬೇಕು. ಒಂದಕ್ಕೆ ಕಾಯುವ ಹೊತ್ತಿನಲ್ಲಿ ಇನ್ನೊಂದನ್ನು ತೂರಿಸಿದರೆ ಆಯಿತು. ದಿನಕ್ಕೊಂದು ಟೈಮ್‌ಟೇಬಲ್ ಹಾಕಲು ಹೋಗಬೇಡಿ, ಅದು ಸ್ಕೂಲಿನಲ್ಲೇ ಇರಲಿ.

ಮೊದಲು ಅವರೆಕಾಯಿ. ಸೊಗಡು ಇರುವುದನ್ನೇ ತನ್ನಿ. ಕಾಯಿ ಮುಟ್ಟಿದರೆ ಕೈಗೆ ಜಿಡ್ಡು ಅಂಟಬೇಕು, ಗಮ್ ಅನ್ನಬೇಕು, ಇಲ್ಲದಿದ್ದರೆ ಆ ರಾಶಿ ಬಿಟ್ಟು ಮುಂದಿನ ರಾಶಿಗೆ ಹೋಗಿ. ಸಂಜೆ ಟಿವಿ ಮುಂದೆ ಎಲ್ಲರನ್ನೂ ಕೂರಿಸಿ ಸುಲಿಸಿದೆ, ರಾತ್ರಿ ಕಾಳು ನೆನೆಹಾಕಿದೆ. ಬೆಳಗ್ಗೆ ಒಂದೊಂದೇ ಕಾಳನ್ನು ಎರಡು ಬೆರಳಲ್ಲಿ ಹಿತಕಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಮಕ್ಕಳಿಗೆ ಇದು ಆಟ. ಸ್ವಲ್ಪ ಹೊತ್ತಿಗೆ ಬೇಜಾರಾಗಿ ಎದ್ದು ಹೋಗುತ್ತಾರೆ, ಅಷ್ಟರಲ್ಲಿ ಅರ್ಧ ಮುಗಿಸಿಕೊಳ್ಳಬೇಕು.

ಸಾರಿಗೆ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಚಕ್ಕೆ, ಲವಂಗ ಹುರಿದು, ಅದಕ್ಕೆ ತೆಂಗಿನಕಾಯಿ, ಗಸಗಸೆ, ಧನಿಯಾ ಪುಡಿ, ಖಾರದ ಪುಡಿ ಸೇರಿಸಿ ನುಣ್ಣಗೆ ರುಬ್ಬುತ್ತೇನೆ. ಬೇಳೆಯನ್ನು ಮಾತ್ರ ಕುಕ್ಕರಿಗೆ ಹಾಕಬೇಡಿ. ಸಿಪ್ಪೆ ಹೋದ ಬೇಳೆ ಬೇಗ ಬೇಯುತ್ತದೆ, ವಿಷಲ್ ಹೊಡೆಸಿದರೆ ಪೇಸ್ಟ್ ಆಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ, ಬೆರಳಲ್ಲಿ ಒತ್ತಿದರೆ ಮುರಿಯುವಷ್ಟಾದಾಗ ಮಸಾಲೆ ಹಾಕಿ ಕುದಿಸಿದರೆ ಸಾಕು. ಜೊತೆಗೆ ಮುದ್ದೆ. ಈ ಸಾರಿಗೆ ಚಪಾತಿ ಕೇಳುವವರೂ ಇದ್ದಾರೆ, ಅವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

ಕೇಕಿನ ಹುಚ್ಚು ಹಿಡಿಸಿದ್ದು ಕೆಜಿಎಫ್‌ನಿಂದ ಬರುವ ನಮ್ಮ ಸಹೋದ್ಯೋಗಿ. ಅವರ ಮನೆಯಲ್ಲಿ ಕ್ರಿಸ್ಮಸ್ ಅಂದರೆ ದ್ರಾಕ್ಷಿ, ಗೋಡಂಬಿ ಎಲ್ಲ ಹಾಕಿದ ಪ್ಲಮ್ ಕೇಕು, ಅದಕ್ಕೆ ವಾರಗಟ್ಟಲೆ ಮೊದಲೇ ಹಣ್ಣು ನೆನೆಹಾಕುತ್ತಾರೆ. ನನಗೆ ಅಷ್ಟು ತಾಳ್ಮೆ ಇಲ್ಲ, ಓವನ್ನೂ ಇಲ್ಲ. ನಾನು ಮಾಡಿದ್ದು ರಾಗಿ ಕೇಕು, ಅದೂ ಹಳೇ ಕುಕ್ಕರಿನಲ್ಲಿ. ಹಳೇದು ಅಂತ ಒತ್ತಿ ಹೇಳುತ್ತಿದ್ದೇನೆ, ನೀರಿಲ್ಲದೆ ಕಾಯಿಸಿದರೆ ಒಳ್ಳೇ ಕುಕ್ಕರ್ ಹಾಳಾಗುತ್ತದೆ. ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆಯಲೇಬೇಕು. ತಳದಲ್ಲಿ ಎರಡು ಬೆರಳು ದಪ್ಪ ಒಣಗಿದ ಮರಳು, ಅದರ ಮೇಲೊಂದು ಸ್ಟ್ಯಾಂಡ್, ಹತ್ತು ನಿಮಿಷ ಮುಚ್ಚಿ ಕಾಯಿಸಬೇಕು. ಅತ್ತೆ ಇಣುಕಿ ನೋಡಿ, "ಏನಮ್ಮಾ, ಮರಳಿಗೆ ಒಗ್ಗರಣೆ ಹಾಕ್ತಾ ಇದ್ದೀಯಾ?" ಅಂದರು.

ಅಳತೆ ಹೀಗೆ. ರಾಗಿ ಹಿಟ್ಟು ಒಂದು ಕಪ್, ಗೋಧಿ ಹಿಟ್ಟು ಒಂದು ಕಪ್, ಬೆಲ್ಲದ ಪುಡಿ ಒಂದು ಕಪ್, ಮೊಸರು ಮುಕ್ಕಾಲು ಕಪ್, ಎಣ್ಣೆ ಅರ್ಧ ಕಪ್, ಬೇಕಿಂಗ್ ಪೌಡರ್ ಒಂದು ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಏಲಕ್ಕಿ. ಬರೀ ರಾಗಿಯಲ್ಲಿ ಮಾಡಿದರೆ ಪುಡಿಪುಡಿಯಾಗುತ್ತದೆ, ಹಿಟ್ಟನ್ನು ಹಿಡಿದಿಡುವ ಅಂಟು ರಾಗಿಯಲ್ಲಿಲ್ಲ, ಆ ಕೆಲಸ ಗೋಧಿಯದು. ಬೆಲ್ಲವನ್ನು ಮೊಸರಲ್ಲಿ ಕರಗಿಸಿ ಸೋಸಿ, ಕಲ್ಲು ಸಿಗುವುದು ಗ್ಯಾರಂಟಿ. ಇಡ್ಲಿ ಹಿಟ್ಟಿನ ಹದಕ್ಕೆ ಬರುವಷ್ಟು ತಣ್ಣನೆ ಹಾಲು ಸೇರಿಸಿ. ಸೋಡಾ ಮೊಸರಿಗೆ ಬಿದ್ದ ತಕ್ಷಣ ಗುಳ್ಳೆ ಏಳಲು ಶುರು, ಆಮೇಲೆ ಫೋನ್ ಬಂದರೂ ಎತ್ತಬೇಡಿ, ಪಾತ್ರೆಗೆ ಸುರಿದು ಸೀದಾ ಕುಕ್ಕರಿನ ಸ್ಟ್ಯಾಂಡ್ ಮೇಲೆ ಇಳಿಸಿ. ಸಣ್ಣ ಉರಿಯಲ್ಲಿ 45 ನಿಮಿಷದ ಹತ್ತಿರ ಹಿಡಿಯುತ್ತದೆ. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದು ನೋಡುವ ಚಪಲ ಬೇಡ, ಮಧ್ಯ ಕುಸಿಯುತ್ತದೆ.

ಆ ಮುಕ್ಕಾಲು ಗಂಟೆ ಹೊಲಿಗೆಗೆ. ಅಮ್ಮ ಕೊಟ್ಟ ಕಾಲು ಮೆಷಿನ್ ಇದೆ, ಕರೆಂಟಿನ ಹಂಗಿಲ್ಲ. ಅತ್ತೆಯ ಹಳೇ ಕಾಟನ್ ಸೀರೆಗಳು ಒಗೆದು ಒಗೆದು ಬೆಣ್ಣೆಯಂತೆ ಆಗಿದ್ದವು, ಅವುಗಳಲ್ಲಿ ದಿಂಬಿನ ಕವರ್ ಹೊಲಿದೆ. 17 ಇಂಚು ಅಗಲ, 27 ಇಂಚು ಉದ್ದದ ದಿಂಬಿಗೆ 19 ಇಂಚು ಅಗಲ, 62 ಇಂಚು ಉದ್ದದ ಒಂದೇ ಪಟ್ಟಿ ಸಾಕು. ಎರಡೂ ತುದಿಯ ಅಂಚು ಮಡಿಸಿ ಹೊಲಿದು, ಆರು ಇಂಚು ಒಳಗೆ ಮಡಚಿಕೊಳ್ಳುವ ಹಾಗೆ ಬಿಟ್ಟು, ಪಕ್ಕಗಳಿಗೆ ಹೊಲಿಗೆ ಹಾಕಿ ತಿರುವಿದರೆ ಮುಗಿಯಿತು. ಗುಂಡಿ, ಜಿಪ್ ಏನೂ ಬೇಡ. ಸೀರೆಯ ಅಗಲದಲ್ಲಿ ಪಕ್ಕಪಕ್ಕ ಎರಡು ಪಟ್ಟಿ ಬರುತ್ತವೆ. ಕತ್ತರಿಸುವುದನ್ನೆಲ್ಲ ಒಂದೇ ದಿನ ಮುಗಿಸಿಟ್ಟರೆ ಆಮೇಲೆ ಕೇಕು ಬೇಯುವಾಗೆಲ್ಲ ಸುಮ್ನೆ ಕೂತು ಹೊಲಿಯಬಹುದು.

ತೆಳು ಬಟ್ಟೆಗೆ 11ನೇ ನಂಬರ್ ಸೂಜಿ ಹಾಕಿ. 14 ಹಾಕಿದರೆ ಹಳೇ ಸೀರೆಯಲ್ಲಿ ತೂತು ಕಾಣುತ್ತದೆ. ಬಟ್ಟೆಯ ಕೆಳಗೆ ನೂಲು ಗಂಟಾದರೆ ಎಲ್ಲರೂ ಕೆಳಗಿನ ನೂಲು ಸುತ್ತಿದ ಬಾಬಿನ್‌ಗೆ ಬೈಯುತ್ತಾರೆ, ತಪ್ಪು ಹೆಚ್ಚಾಗಿ ಮೇಲಿನ ನೂಲಿನದು. ಅದನ್ನು ಪೂರ್ತಿ ತೆಗೆದು ಮತ್ತೆ ಪೋಣಿಸಿ ನೋಡಿ.

ಉಳಿದ ಸೆರಗಿನ ತುಂಡುಗಳಲ್ಲಿ ಅಂಗೈ ಅಗಲದ ಚೀಲ ಹೊಲಿದು ಬಾಯಿಗೆ ದಾರ ಪೋಣಿಸಿದೆ. ಸಂಕ್ರಾಂತಿಗೆ ಪ್ಲಾಸ್ಟಿಕ್ ಕವರಿನ ಬದಲು ಇದರಲ್ಲೇ ಎಳ್ಳುಬೆಲ್ಲ ಬೀರಿದೆವು. ಕೊಬ್ಬರಿ, ಬೆಲ್ಲ ಹೆಚ್ಚಿ ಬಿಸಿಲಿಗಿಡುವುದನ್ನೂ ಈ ರಜೆಯಲ್ಲೇ ಮುಗಿಸಿದ್ದರಿಂದ ಹಬ್ಬದ ವಾರ ಪೇಪರ್ ತಿದ್ದಲು ಸಮಯ ಸಿಕ್ಕಿತು. ಸೀರೆಗೆ ಕುಚ್ಚು ಹಾಕುವುದು ಮಾತ್ರ ನನ್ನ ಕೈಯಲ್ಲಿ ಆಗದು, ಅದನ್ನು ಈಗಲೂ ಅಂಗಡಿಗೇ ಕೊಡುತ್ತೇನೆ.