ಹಾಸನದಿಂದ ಚಿಕ್ಕಮಗಳೂರಿಗೆ ಪ್ರವಾಸಿಗರ ಮೋಟಾರು ದಾರಿ ಹೊಂದಿಸುವ ಬಗೆ

ಪ್ರವಾಸಿಗರ ರಸ್ತೆ ಎಂದರೆ ಹೊಸ ಡಾಂಬರು ಎಂದುಕೊಂಡವರೇ ಹೆಚ್ಚು. ಹೋಂಸ್ಟೇ ನಡೆಸುವ ಹುಡುಗರು, ಹೋಟೆಲಿನವರು, ಪಂಚಾಯಿತಿ ಸದಸ್ಯರು ನನ್ನ ಬಳಿ ಬರುವಾಗ ಅರ್ಜಿಯನ್ನು ಬರೆದುಕೊಂಡೇ ಬರುತ್ತಾರೆ: ಇಷ್ಟು ಕಿಲೋಮೀಟರ್ ಅಗಲ ಮಾಡಿಸಬೇಕು, ಇಷ್ಟು ಕೋಟಿ ಮಂಜೂರಾಗಬೇಕು. ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್‌ಸ್ಪೆಕ್ಟರ್ ಆಗಿ ಹಾಸನ, ಬೇಲೂರು, ಮೂಡಿಗೆರೆ ಕಡೆಯ ರಸ್ತೆಗಳಲ್ಲೇ ಸೇವೆ ಮುಗಿಸಿದವನು ನಾನು. ಅವರಿಗೆ ಹೇಳುವುದು ಇಷ್ಟೇ. ಅರ್ಜಿ ಆಮೇಲೆ ಕೊಡೋಣ. ಮೊದಲು ಇರುವ ರಸ್ತೆಗಳನ್ನೇ ಒಂದಕ್ಕೊಂದು ಸೇರಿಸಿ ದಾರಿ ಗೊತ್ತು ಮಾಡಿ, ಅದಕ್ಕೊಂದು ಗುರುತು ಕೊಡಿ, ಆ ದಾರಿಯ ಊರುಗಳವರನ್ನು ಒಪ್ಪಿಸಿ.

ಮೋಟಾರು ಪ್ರವಾಸಕ್ಕೆಂದು ಹೆದ್ದಾರಿ ಯೋಚಿಸಿದ ಮೊದಲ ತಲೆಮಾರಿನವರು ಮಾಡಿದ್ದೂ ಇದನ್ನೇ. 1912ರಲ್ಲಿ ಅಮೆರಿಕದ ದಕ್ಷಿಣ ಡಕೋಟಾದ ಇಪ್ಸ್‌ವಿಚ್ ಎಂಬ ಸಣ್ಣ ಊರಿನವರು ಪಕ್ಕದ ಅಬರ್ಡೀನ್‌ವರೆಗೆ ಒಂದು ಒಳ್ಳೆಯ ರಸ್ತೆ ಬೇಕೆಂದು ಸೇರಿದರು. ಕೇಂದ್ರ ಸರ್ಕಾರ ಆಗ ಇಂಥ ರಸ್ತೆಗಳಿಗೆ ಕಾಸು ಬಿಚ್ಚುತ್ತಿರಲಿಲ್ಲ. ಅಂಥ ನೆರವಿನ ಕಾಯ್ದೆ ಬಂದದ್ದೇ 1916ರಲ್ಲಿ. ಹಾಗಾಗಿ ಅವರು ಮುಂದಿನ ಊರಿನವರನ್ನು ಕರೆದರು, ಆ ಊರಿನವರು ಅದರ ಮುಂದಿನವರನ್ನು. ದಾರಿಯ ಬಂಡೆಗಳಿಗೆ, ಕಂಬಗಳಿಗೆ ಹಳದಿ ಬಳಿದರು. ಕೊನೆಗೆ ಅದೇ ಯೆಲ್ಲೋಸ್ಟೋನ್ ಟ್ರೇಲ್ ಆಗಿ ಅಟ್ಲಾಂಟಿಕ್ ಕರಾವಳಿಯಿಂದ ಪೆಸಿಫಿಕ್ ಕಡೆಯವರೆಗೆ ಚಾಚಿತು. ನಮ್ಮ ಎರಡು ಜಿಲ್ಲೆಗಳಿಗೆ ಇದಕ್ಕಿಂತ ಹತ್ತಿರದ ಮಾದರಿ ನನಗೆ ಕಂಡಿಲ್ಲ.

ಕೆಲಸ ಶುರುವಾಗುವುದು ಒಂದು ಬೆನ್ನೆಲುಬಿನ ದಾರಿಯನ್ನು ಆರಿಸುವುದರಿಂದ. ನಾನು ಸೂಚಿಸುವ ದಾರಿ ಹೀಗಿದೆ: ಹಾಸನ, ಹಗರೆ, ಬೇಲೂರು, ಹಳೇಬೀಡು, ಬೆಳವಾಡಿ, ಚಿಕ್ಕಮಗಳೂರು. ಹಾಸನ–ಬೇಲೂರು ರಸ್ತೆಯಿಂದ ಸ್ವಲ್ಪ ಒಳಗಿರುವ ದೊಡ್ಡಗದ್ದವಳ್ಳಿಗೆ ಒಂದು ಕವಲು ಕೊಡಿ. ನಾಲ್ಕು ಗರ್ಭಗುಡಿಗಳ ಲಕ್ಷ್ಮೀದೇವಿ ದೇವಾಲಯವನ್ನು ನೋಡದೆ ಹೋಗುವವರೇ ಬಹಳ. ಬೇಲೂರಿನ ಚೆನ್ನಕೇಶವ ದೇವಾಲಯ 1117ರದು. ಅಲ್ಲಿ ಇಂದಿಗೂ ಪೂಜೆ ನಡೆಯುತ್ತದೆ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುವ ವೇಳೆ ಇದೆ. ಆದ್ದರಿಂದ ಬೇಲೂರನ್ನು ಬೆಳಿಗ್ಗೆ ಇಡಿ, ಸುಮಾರು 16 ಕಿಲೋಮೀಟರ್ ದೂರದ ಹಳೇಬೀಡನ್ನು ಊಟದ ಮೇಲೆ ಇಡಿ, ವೀರನಾರಾಯಣನ ಬೆಳವಾಡಿಯನ್ನು ಇಳಿಹೊತ್ತಿಗೆ ಇಡಿ. ಬೆಳವಾಡಿಯಿಂದ ಚಿಕ್ಕಮಗಳೂರಿಗೆ ಇನ್ನು ಮೂವತ್ತು ಕಿಲೋಮೀಟರಿನೊಳಗೆ. ರಾತ್ರಿ ಅಲ್ಲೇ ತಂಗಬಹುದು. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಹೊರಗಿನವರು ಹೇಗೂ ಬರುತ್ತಿದ್ದಾರೆ. ಎರಡು ಗುಡಿ ನೋಡಿ ಸಂಜೆಗೆ ಬೆಂಗಳೂರಿಗೆ ಹಿಂದಿರುಗುವವರನ್ನು ಒಂದು ರಾತ್ರಿ ಉಳಿಸಿಕೊಳ್ಳುವುದೇ ಈ ದಾರಿಯ ಕೆಲಸ.

ಇಲ್ಲಿ ಜಗಳ ಬರುತ್ತದೆ, ಬಂದೇ ಬರುತ್ತದೆ. ನಮ್ಮೂರಿನ ಮೇಲೇ ಹೋಗಲಿ ಎಂದು ಪ್ರತಿ ಊರೂ ಕೇಳುತ್ತದೆ. 1913ರಲ್ಲಿ ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಲಿಂಕನ್ ಹೈವೇ ಗೊತ್ತು ಮಾಡಿದಾಗ ಸಂಘದ ಅಧ್ಯಕ್ಷ ಹೆನ್ರಿ ಜಾಯ್ ನೇರ ದಾರಿಯ ಹಟ ಹಿಡಿದರು. ಒತ್ತಾಯಕ್ಕೆ ಸೇರಿಸಿದ್ದ ಕೊಲರಾಡೋದ ಸುತ್ತನ್ನು 1915ರಲ್ಲಿ ಕೈಬಿಟ್ಟರು. ಆ ಹೆದ್ದಾರಿಯ ಕನಸು ಮೊದಲು ಕಂಡ ಕಾರ್ಲ್ ಫಿಶರ್ ಅವರೇ ಮುಂದೆ ನಿಂತು ಎಬ್ಬಿಸಿದ ಡಿಕ್ಸಿ ಹೈವೇಯಲ್ಲಿ ಆದದ್ದು ಇದಕ್ಕೆ ಉಲ್ಟಾ. ಫ್ಲಾರಿಡಾದ ಕಡಲತೀರಕ್ಕೆ ಉತ್ತರದ ಪ್ರವಾಸಿಗರನ್ನು ಕರೆದೊಯ್ಯುವ ಆ ದಾರಿಗಾಗಿ 1915ರಲ್ಲಿ ಚಟ್ಟನೂಗದಲ್ಲಿ ಸಭೆ ನಡೆದಾಗ ಊರುಗಳು ಪೈಪೋಟಿಗೆ ಬಿದ್ದವು. ಯಾರನ್ನೂ ನೋಯಿಸಲಾಗದೆ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಎಂದು ಎರಡು ಕವಲು ಮಾಡಿ, ಅಡ್ಡ ಜೋಡಣೆಗಳನ್ನೂ ಸೇರಿಸಬೇಕಾಯಿತು. ನನ್ನ ಒಲವು ಜಾಯ್ ಅವರ ಕಡೆಗೆ. ಬೆನ್ನೆಲುಬು ಒಂದೇ ಇರಲಿ. ಉಳಿದ ಊರುಗಳಿಗೆ ಕವಲು ಕೊಡಿ, ಕವಲಿನ ಹೆಸರು ಫಲಕದಲ್ಲೂ ಕೈಪಿಡಿಯಲ್ಲೂ ಮರ್ಯಾದೆಯಿಂದ ಇರಲಿ. ಹೊಯ್ಸಳರ ಮೂಲಸ್ಥಾನವಾದ ಅಂಗಡಿ, ಕೈಮರದ ತಪಾಸಣಾ ಠಾಣೆಯ ಮೇಲೆ ಹತ್ತುವ ಮುಳ್ಳಯ್ಯನಗಿರಿ, ಸಕಲೇಶಪುರದ ಮಂಜರಾಬಾದ್ ಕೋಟೆ, ಇವೆಲ್ಲ ಕವಲುಗಳಾಗಲಿ.

ದಾರಿ ಗೊತ್ತಾದ ಮೇಲೆ ರಸ್ತೆಯ ಜಾತಿ ತಿಳಿಯಿರಿ. ಯಾವ ತುಂಡು ಯಾರ ಕೈಯಲ್ಲಿದೆ ಎಂದು ಗೊತ್ತಿಲ್ಲದಿದ್ದರೆ ಒಂದು ಗುಂಡಿ ಮುಚ್ಚಿಸುವುದಕ್ಕೂ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಕಿಲೋಮೀಟರ್ ಕಲ್ಲಿನ ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಕೆಳಗಿನವು ಜಿಲ್ಲಾ ರಸ್ತೆ, ಗ್ರಾಮ ರಸ್ತೆ. ಈ ವಿಂಗಡಣೆಯ ಬುನಾದಿ 1943ರಲ್ಲಿ ನಾಗಪುರದಲ್ಲಿ ಮುಖ್ಯ ಎಂಜಿನಿಯರುಗಳು ಸೇರಿ ಮಾಡಿದ ಯೋಜನೆ. ಅದಕ್ಕೂ ಮೊದಲು ಎಂ. ಆರ್. ಜಯಕರ್ ಸಮಿತಿಯ ಶಿಫಾರಸಿನ ಮೇಲೆ 1929ರಲ್ಲಿ ಪೆಟ್ರೋಲಿಗೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ ರಸ್ತೆ ನಿಧಿ ಕಟ್ಟಿದ್ದರು, 1934ರಲ್ಲಿ ಭಾರತೀಯ ರಸ್ತೆ ಕಾಂಗ್ರೆಸ್ ಹುಟ್ಟಿತ್ತು. ಇವರೆಲ್ಲರ ಕಣ್ಣು ಇದ್ದದ್ದು ಹಳ್ಳಿಯ ಫಸಲು ಪೇಟೆ ಸೇರುವುದರ ಮೇಲೆ. ಅದು ಸರಿಯೂ ಆಗಿತ್ತು. ಊರು ನೋಡಲು ಬರುವವನ ದಾರಿಯನ್ನು ಊರಿನವರೇ ಯೋಚಿಸಬೇಕು.

ಈಗ ಕಾರಿನಲ್ಲಿ ಹೊರಡಿ. ಇಬ್ಬರು ಸಾಕು: ಒಬ್ಬರು ಓಡಿಸಲಿ, ಇನ್ನೊಬ್ಬರು ಪುಸ್ತಕ ಹಿಡಿಯಲಿ. ಬರೆಯುವವರು ಈ ದಾರಿಗೆ ಹೊಸಬರಾಗಿದ್ದರೆ ಒಳ್ಳೆಯದು. ದಾರಿ ಬಲ್ಲವನಿಗೆ ಅನುಮಾನ ಬರುವ ಜಾಗಗಳು ಕಾಣುವುದೇ ಇಲ್ಲ. ಹಾಸನದಲ್ಲಿ ಮೀಟರನ್ನು ಸೊನ್ನೆಗೆ ತಂದು, ಪ್ರತಿ ಕೂಡುರಸ್ತೆಯಲ್ಲಿ ನಿಲ್ಲಿಸಿ ಬರೆಯಿರಿ. ಹಗರೆಯನ್ನೇ ತೆಗೆದುಕೊಳ್ಳಿ. ಹಾಸನದ ಕಡೆಯಿಂದ ಬಂದವನು ಬಲಕ್ಕೆ ತಿರುಗಿದರೆ ಹಳೇಬೀಡು, ಮುಂದಕ್ಕೆ ಹೋದರೆ ಬೇಲೂರು. ನಮ್ಮ ದಾರಿ ಬೇಲೂರಿನ ಮೇಲೆ. ಹಾಗಾಗಿ ಪುಸ್ತಕದಲ್ಲಿ ಹೀಗೆ ಬರಬೇಕು: ಮೀಟರ್ ಎಷ್ಟು ತೋರಿಸಿತು, ಎದುರಿಗೆ ಏನು ಕಂಡಿತು, ಅರಳಿಕಟ್ಟೆಯೋ, ಬಸ್ ತಂಗುದಾಣವೋ, ಪೆಟ್ರೋಲ್ ಬಂಕೋ, ಎತ್ತ ತಿರುಗಬಾರದು, ಮುಂದೆ ಎಷ್ಟು ದೂರದಲ್ಲಿ ಮೊದಲ ಊರು ಸಿಗುತ್ತದೆ. ‘ಬಲಕ್ಕೆ ತಿರುಗಬೇಡಿ’ ಎಂಬ ಮಾತು ‘ನೇರ ಹೋಗಿ’ ಎಂಬುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಜೊತೆಗೆ ಅಗಲ ಕಡಿಮೆಯಾದ ಮೋರಿಗಳು, ಬಸ್ಸಿಗೆ ಬಸ್ಸು ಎದುರಾದರೆ ನಿಲ್ಲಬೇಕಾದ ತಿರುವುಗಳು, ಪಂಕ್ಚರ್ ಅಂಗಡಿಗಳು, ಹೆಣ್ಣುಮಕ್ಕಳು ಧೈರ್ಯವಾಗಿ ಬಳಸಬಹುದಾದ ಶೌಚಾಲಯಗಳು, ಇವನ್ನೂ ಬರೆಯಿರಿ. ಹಿಂದಿರುಗುವಾಗ ಎದುರು ದಿಕ್ಕಿನಿಂದ ಇಡೀ ದಾರಿಯನ್ನು ಮತ್ತೆ ಬರೆಯಿರಿ. ಒಂದು ಕಡೆಯಿಂದ ಕಣ್ಣಿಗೆ ರಾಚುವ ಕವಲು ಇನ್ನೊಂದು ಕಡೆಯಿಂದ ಮರದ ಮರೆಯಲ್ಲಿರುತ್ತದೆ. ಮೊಬೈಲ್ ನಕ್ಷೆ ಇರುವಾಗ ಇದೇಕೆ ಎಂದು ಕೇಳುವವರಿದ್ದಾರೆ. ನಕ್ಷೆ ಹತ್ತಿರದ ದಾರಿ ತೋರಿಸುತ್ತದೆ, ನೋಡಬೇಕಾದ ದಾರಿಯನ್ನು ಮನುಷ್ಯರೇ ತೋರಿಸಬೇಕು. ಮಲೆನಾಡಿನ ಕಡೆ ಸಿಗ್ನಲ್ ಕೈಕೊಡುವುದೂ ಉಂಟು.

ಗುರುತು ಸರಳವಾಗಿರಲಿ. ಲಿಂಕನ್ ಹೈವೇಯವರು ಕೆಂಪು, ಬಿಳಿ, ನೀಲಿ ಪಟ್ಟಿ ಬಳಿದು ನಡುವೆ ಒಂದೇ ಅಕ್ಷರ ಬರೆದರು. ಓಡುವ ಕಾರಿನಿಂದ ಅಷ್ಟೇ ಕಾಣುವುದು. ಪೂರ್ತಿ ಹೊಯ್ಸಳ ಲಾಂಛನ ಬರೆಸಬೇಕೆಂಬ ಆಸೆ ಎಲ್ಲರಿಗೂ ಇರುತ್ತದೆ. ಸಳನೂ ಹುಲಿಯೂ ದೂರಕ್ಕೆ ಒಂದು ಕಪ್ಪು ಮುದ್ದೆಯಾಗಿ ಕಾಣುತ್ತವೆ. ಎರಡು ಬಣ್ಣದ ಪಟ್ಟಿ, ಒಂದು ಕನ್ನಡ ಅಕ್ಷರ ಸಾಕು. ಪ್ರತಿ ಕವಲಿಗೆ ಮೂರು ಗುರುತು ಬೇಕು: ತಿರುವಿಗೆ ಮುಂಚೆ ಒಂದು, ತಿರುವಿನಲ್ಲಿ ಒಂದು, ತಿರುಗಿದ ಮೇಲೆ ‘ಸರಿಯಾಗಿ ಬಂದಿದ್ದೀರಿ’ ಎಂದು ತಿಳಿಸುವುದಕ್ಕೆ ಒಂದು. ಎಲ್ಲರೂ ಬಿಡುವುದು ಈ ಮೂರನೆಯದನ್ನೇ. ಅದು ಇಲ್ಲದಿದ್ದರೆ ಹೊಸಬ ಎರಡು ಕಿಲೋಮೀಟರ್ ಹೋಗಿ, ಅನುಮಾನ ಬಂದು, ಕಾರು ತಿರುಗಿಸುತ್ತಾನೆ.

ಅನುಮತಿ ಇಲ್ಲದೆ ಕುಂಚ ಮುಟ್ಟಬೇಡಿ. ಅಮೆರಿಕದವರು ದೂರವಾಣಿ ಕಂಬಗಳಿಗೆ ಬಳಿದಂತೆ ನಾವು ಬಳಿಯುವ ಹಾಗಿಲ್ಲ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯುವ 1981ರ ಕಾಯ್ದೆ ನಮ್ಮ ರಾಜ್ಯದಲ್ಲಿದೆ. ರಸ್ತೆ ಅಂಚಿನ ಫಲಕಕ್ಕೆ ಆ ರಸ್ತೆಯ ಒಡೆತನದ ಕಚೇರಿ, ಗೋಡೆಗೆ ಮಾಲೀಕರು ಮತ್ತು ಪಂಚಾಯಿತಿ, ವಿದ್ಯುತ್ ಕಂಬಕ್ಕೆ ಹಾಸನದ ಕಡೆ ಸೆಸ್ಕ್, ಚಿಕ್ಕಮಗಳೂರಿನ ಕಡೆ ಮೆಸ್ಕಾಂ, ಹೀಗೆ ಬೇರೆ ಬೇರೆ ಅರ್ಜಿ ಬೇಕು. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಗುಡಿಯ ಸುತ್ತ ಏನೇ ನೆಡುವ ಮೊದಲು ಪುರಾತತ್ವ ಇಲಾಖೆಯನ್ನು ಕೇಳಿ. ಸಾಲುಮರಗಳಿಗೆ ಮೊಳೆ ಹೊಡೆಯುವುದು ಬೇಡವೇ ಬೇಡ. ಅವನ್ನು ನೆಟ್ಟವರು ದಾರಿಹೋಕರ ನೆರಳಿಗೆಂದು ನೆಟ್ಟದ್ದು.

ಇನ್ನು ಸಭೆ. ಬೇಲೂರಿನಲ್ಲಿ ಕರೆಯಿರಿ, ಎರಡೂ ಜಿಲ್ಲೆಯವರಿಗೆ ಅನುಕೂಲ. ಹೋಟೆಲಿನವರಷ್ಟೇ ಬಂದರೆ ಅದು ವ್ಯಾಪಾರಿಗಳ ಕೂಟವಾಗುತ್ತದೆ. ಟ್ಯಾಕ್ಸಿ ಚಾಲಕರು, ಗುಡಿಯ ಮಾರ್ಗದರ್ಶಿಗಳು, ಪಂಕ್ಚರ್ ಹಾಕುವವರು, ಕಾಫಿ ತೋಟದವರು, ಪಂಚಾಯಿತಿಯ ಪಿಡಿಒ, ಶಾಲೆಯ ಮೇಷ್ಟ್ರು ಎಲ್ಲರೂ ಬರಲಿ. ಚಂದಾ ಸಣ್ಣದಿರಲಿ, ಲೆಕ್ಕ ಗೋಡೆಗೆ ಅಂಟಿಸಿರಲಿ. 1920ರ ದಶಕದ ನಡುವಿಗೆ ಅಮೆರಿಕದಲ್ಲಿ ಹೆಸರಿಟ್ಟ ದಾರಿಗಳು 250ರಷ್ಟಾಗಿದ್ದವು. ಕೆಲವು ಸಂಘಗಳು ಚಂದಾ ಎತ್ತಿ ಸುಮ್ಮನಾದವು, ಒಂದೇ ಕಂಬದಲ್ಲಿ ಹಲವು ದಾರಿಗಳ ಬಣ್ಣ ಕೂಡಿ ಪ್ರಯಾಣಿಕರಿಗೆ ತಲೆ ಕೆಟ್ಟಿತು. 1926ರ ನವೆಂಬರಿನಲ್ಲಿ ಹೆಸರಿನ ಬದಲು ಸಂಖ್ಯೆಯ ಪದ್ಧತಿ ಒಪ್ಪಿಗೆಯಾಯಿತು. ಹಾಗಾಗಿ ನಿಮ್ಮ ಗುರುತು ಸರ್ಕಾರಿ ಸಂಖ್ಯೆಯ ಕೆಳಗೆ ಬರಲಿ, ಅದನ್ನು ಮರೆಮಾಡದಿರಲಿ.

ಡಾಂಬರಿನ ಮಾತು ಈಗ ಬರಬಹುದು. ಇಡೀ ದಾರಿ ಕೇಳಬೇಡಿ, ಒಂದು ತುಂಡು ಕೇಳಿ. ಲಿಂಕನ್ ಹೈವೇಯವರು 1914ರಲ್ಲಿ ಇಲಿನಾಯ್‌ನ ಮಾಲ್ಟಾ ಬಳಿ ಒಂದೇ ಮೈಲಿ ಕಾಂಕ್ರೀಟ್ ಹಾಕಿಸಿದರು. ಎರಡೂ ಕಡೆ ಕೆಸರು, ನಡುವೆ ನುಣುಪು; ಓಡಿಸಿದವರು ಉಳಿದದ್ದನ್ನು ತಾವಾಗಿ ಕೇಳತೊಡಗಿದರು. ನಮ್ಮಲ್ಲಿ ಆ ಒಂದು ತುಂಡು ಕವಲಿನ ರಸ್ತೆಯಾಗಿರಲಿ, ಚರಂಡಿ ಸಮೇತ. ಮಲೆನಾಡಿನ ಅಂಚಿನಲ್ಲಿ ರಸ್ತೆ ಕೆಡುವುದು ನೀರು ನಿಂತು. ಚರಂಡಿ ಇಲ್ಲದ ಡಾಂಬರು ಎರಡು ಮಳೆಗಾಲ ತಡೆಯುವುದು ಕಷ್ಟ. ನೋಟಕ್ಕೆಂದು ರಸ್ತೆ ತೆಗೆಯುವುದಾದರೆ ಒರೆಗನ್‌ನ ಕೊಲಂಬಿಯಾ ನದಿ ಹೆದ್ದಾರಿಯ ಎಂಜಿನಿಯರ್ ಸ್ಯಾಮ್ಯುಯೆಲ್ ಲ್ಯಾಂಕಾಸ್ಟರ್ ಅವರ ಕ್ರಮ ನೋಡಿ. 1913ರಿಂದ ಅವರು ಮೊದಲು ಜಲಪಾತಗಳನ್ನೂ ನೋಟದ ಜಾಗಗಳನ್ನೂ ಗುರುತಿಸಿ, ಆಮೇಲೆ ಅವನ್ನು ಸೇರಿಸುವಂತೆ ರಸ್ತೆ ಎಳೆದರು. ಏರು ನೂರಕ್ಕೆ ಐದನ್ನು ಮೀರಬಾರದೆಂದು ಪಟ್ಟು ಹಿಡಿದರು. ಚಾರ್ಮಾಡಿಯಂಥ ಕಡೆ ಕಾರು ನಿಲ್ಲಿಸಲು ಭದ್ರವಾದ ಜಾಗ ಮಾಡಿಕೊಡುವುದು ರಸ್ತೆ ಅಗಲಿಸುವುದಕ್ಕಿಂತ ಮುಖ್ಯ ಎಂದು ನಾನು ನಂಬಿದ್ದೇನೆ.

ಕೈಪಿಡಿ ಒಂದೇ ಹಾಳೆಯದಾಗಿರಲಿ, ಮಡಚಿದರೆ ಜೇಬಿಗೆ ಹೋಗಲಿ. 1900ರಲ್ಲಿ ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ ತನ್ನ ಮೊದಲ ಮಾರ್ಗದರ್ಶಿಯನ್ನು ಪುಕ್ಕಟೆ ಹಂಚಿತ್ತು. ಅದರಲ್ಲಿ ಟೈರ್ ಬದಲಿಸುವ ಬಗೆ, ಪೆಟ್ರೋಲ್ ಸಿಗುವ ಜಾಗ, ಊಟ, ವಸತಿ ಎಲ್ಲವೂ ಇದ್ದವು. ನೀವೂ ಪುಕ್ಕಟೆ ಕೊಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಗುಡ್ಡ ಕುಸಿದು ಸಂಚಾರ ನಿಲ್ಲುವುದುಂಟು ಎಂಬ ಎಚ್ಚರಿಕೆ ದಪ್ಪ ಅಕ್ಷರದಲ್ಲಿರಲಿ.

ಬಣ್ಣ ಬಳಿಯುವ ಕೆಲಸವನ್ನು ಶಾಲೆಯ ಸ್ಕೌಟ್ ಮಕ್ಕಳಿಗೆ ವಹಿಸಿ, ದೊಡ್ಡವರು ಜೊತೆಗಿರಿ. 1928ರ ಸೆಪ್ಟೆಂಬರ್ 1ರಂದು ಲಿಂಕನ್ ಹೈವೇಯ ಉದ್ದಕ್ಕೂ ಸುಮಾರು 3,000 ಕಾಂಕ್ರೀಟ್ ಕಲ್ಲುಗಳನ್ನು ನೆಟ್ಟವರು ಸ್ಕೌಟ್ ಹುಡುಗರೇ. ಪ್ರತಿ ತುಂಡಿನ ಗುರುತುಗಳಿಗೆ ಆ ಊರಿನ ಒಬ್ಬರ ಹೆಸರನ್ನು ಬರೆದಿಡಿ. ಮಳೆ ಹಿಂದೆ ಸರಿದು, ದಸರಾ ರಜೆಯ ಜನ ಬರುವ ಮುನ್ನ, ಅವರು ತಮ್ಮ ತುಂಡನ್ನು ಎರಡೂ ದಿಕ್ಕಿನಿಂದ ಓಡಿಸಿ ನೋಡಿ, ಅಳಿಸಿದ್ದನ್ನು ಮತ್ತೆ ಬಳಿಸಬೇಕು.