ಮಳೆ ನಿಂತ ರಾತ್ರಿಯ ಬೀದಿಯನ್ನು ಬಣ್ಣದಲ್ಲಿ ಹಿಡಿಯುವುದು ಹೇಗೆ?

ರಾತ್ರಿಯ ನಗರವನ್ನು ಚಿತ್ರಿಸಲು ಕುಳಿತವರಲ್ಲಿ ಬಹುತೇಕರು ಕಟ್ಟಡಗಳಿಂದ ಶುರುಮಾಡುತ್ತಾರೆ. ಕಿಟಕಿ, ಬಾಲ್ಕನಿ, ನಾಮಫಲಕ ಎಲ್ಲ ಮುಗಿದ ಮೇಲೆ ಅಲ್ಲೊಂದು ಇಲ್ಲೊಂದು ಹಳದಿ ಚುಕ್ಕೆ ಇಡುತ್ತಾರೆ. ಚಿತ್ರದಲ್ಲಿ ದೀಪವಿರುತ್ತದೆ, ಬೆಳಕಿರುವುದಿಲ್ಲ.

ಇದನ್ನು ಸರಿಪಡಿಸಿಕೊಳ್ಳಲು ಫ್ರಾನ್ಸಿನ ಚಿತ್ರಕಾರ ಕಮಿಲ್ ಪಿಸ್ಸಾರೊಗಿಂತ ಒಳ್ಳೆಯ ಗುರು ನನಗೆ ಕಾಣುವುದಿಲ್ಲ. ಕಣ್ಣಿನ ಬೇನೆಯಿಂದಾಗಿ ಬಯಲಲ್ಲಿ ನಿಂತು ಕೆಲಸ ಮಾಡುವುದು ಕಷ್ಟವಾಗಿದ್ದ ಆತ, 1897ರಲ್ಲಿ ಪ್ಯಾರಿಸ್‌ನ ಹೋಟೆಲೊಂದರಲ್ಲಿ ಕೋಣೆ ಹಿಡಿದು, ಕಿಟಕಿಯಿಂದ ಕಾಣುವ ಬುಲೆವಾರ್ಡ್ ಮಾಂಟ್‌ಮಾರ್ತ್ರ ಎಂಬ ಅಗಲ ಬೀದಿಯನ್ನು ಮಂಜು, ಬಿಸಿಲು, ಮಳೆಗಳಲ್ಲಿ ಮತ್ತೆ ಮತ್ತೆ ಚಿತ್ರಿಸಿದ. ಆ ಸರಣಿಯಲ್ಲಿ ರಾತ್ರಿಯ ಚಿತ್ರ ಒಂದೇ ಒಂದು. ಅದೀಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅದರ ಫೋಟೊವನ್ನು ಎದುರಿಗಿಟ್ಟುಕೊಂಡು ಕೆಲಸ ಆರಂಭಿಸಿ.

ಮೊದಲು ಎತ್ತರದ ಜಾಗ ಆರಿಸಿ. ಎರಡನೇ ಅಥವಾ ಮೂರನೇ ಮಹಡಿಯಿಂದ ನೋಡಿದರೆ ರಸ್ತೆ ಅಗಲವಾಗಿ ತೆರೆದುಕೊಳ್ಳುತ್ತದೆ, ಬೆಳಕು ಹರಡಲು ನೆಲ ಸಿಗುತ್ತದೆ. ಬಿಳಿ ಕ್ಯಾನ್ವಾಸಿಗೆ ಬೂದು ನೀಲಿಯ ತೆಳು ಲೇಪ ಕೊಟ್ಟು ಒಣಗಲು ಬಿಡಿ.

ಈಗ ಕಣ್ಣು ಕಿರಿದಾಗಿಸಿ ಬೀದಿಯನ್ನು ನೋಡಿ. ವಿವರಗಳು ಮರೆಯಾಗಿ ಆಕಾಶ, ಎಡಬಲದ ಕಟ್ಟಡಸಾಲು, ರಸ್ತೆ ಎಂಬ ನಾಲ್ಕೇ ಮುದ್ದೆಗಳು ಉಳಿಯುತ್ತವೆ. ಅಗಲ ಕುಂಚದಿಂದ ಅಷ್ಟನ್ನು ಮಾತ್ರ ತುಂಬಿ. ಟ್ಯೂಬಿನ ಕಪ್ಪನ್ನು ಮುಟ್ಟಬೇಡಿ, ಅದು ರಾತ್ರಿಯನ್ನು ಸಾಯಿಸುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಉಸಿರಾಡುವ ಕತ್ತಲು ಸಿಗುತ್ತದೆ.

ಮುಂದಿನದು ದೀಪಗಳು. ನಿಧಾನಿಸಬೇಕಾದ ಹಂತ ಇದೇ. ಪಿಸ್ಸಾರೊನ ಬೀದಿಯಲ್ಲಿ ಮೂರು ಬಗೆಯ ಬೆಳಕಿದೆ: ನಡುವೆ ಸಾಲಾಗಿ ಸಾಗುವ ವಿದ್ಯುದ್ದೀಪಗಳ ತಣ್ಣನೆಯ ಬಿಳಿ, ಅಂಗಡಿಗಳ ಅನಿಲದೀಪದ ಬೆಚ್ಚನೆಯ ಹಳದಿ, ಬಾಡಿಗೆ ಕುದುರೆಗಾಡಿಗಳ ಎಣ್ಣೆದೀಪದ ಮಂದ ಹೊಳಪು. ಚಿತ್ರದ ಭಾವವೆಲ್ಲ ಈ ತಣ್ಣನೆಯ ಮತ್ತು ಬೆಚ್ಚನೆಯ ಬಣ್ಣಗಳ ತಿಕ್ಕಾಟದಲ್ಲಿದೆ. ಅಂಗಡಿಯ ಕಿತ್ತಳೆ ಉರಿಯುವಂತೆ ಕಾಣುವುದು ಪಕ್ಕದಲ್ಲಿ ನೀಲಿ ಇರುವುದರಿಂದಲೇ. ನಿಮ್ಮ ಬೀದಿಯಲ್ಲೂ ಎಲ್ಇಡಿ ಕಂಬ, ಹೋಟೆಲಿನ ಒಳದೀಪ, ಬಸ್ಸಿನ ಹಿಂದಿನ ಕೆಂಪು ಬೇರೆ ಬೇರೆ ಬಣ್ಣದವು. ಎಲ್ಲಕ್ಕೂ ಒಂದೇ ಹಳದಿ ಬಳಿಯಬೇಡಿ. ಅಪ್ಪಟ ಬಿಳಿಯನ್ನು ದೀಪದ ನಡುವಿನ ಚುಕ್ಕೆಗೆ ಮಾತ್ರ ಮೀಸಲಿಡಿ. ಸುತ್ತಲಿನ ಪ್ರಭೆಯನ್ನು ಹಸಿ ಬಣ್ಣದ ಮೇಲೆಯೇ ಒಣ ಕುಂಚದಿಂದ ಮೆಲ್ಲಗೆ ಹರಡಿ, ಅಂಚು ಎಲ್ಲಿ ಮುಗಿಯಿತೆಂದು ಗೊತ್ತಾಗಬಾರದು.

ಒದ್ದೆ ನೆಲದ ಪ್ರತಿಬಿಂಬ ದೀಪದ ನೇರ ಕೆಳಗೇ ಬರಬೇಕು, ಉದ್ದಕ್ಕೆ ಇಳಿಯಬೇಕು, ದೀಪಕ್ಕಿಂತ ತುಸು ಮಂಕಾಗಿರಬೇಕು. ಮೇಲಿನಿಂದ ಕೆಳಗೆ ಎಳೆದ ಆ ಬಣ್ಣವನ್ನು ಎರಡು ಮೂರು ಕಡೆ ಅಡ್ಡಗೀರಿನಿಂದ ತುಂಡರಿಸಿದರೆ ನೀರು ತಾನೇ ಕಾಣಿಸಿಕೊಳ್ಳುತ್ತದೆ.

ಜನರನ್ನು ಕೊನೆಗೆ ತನ್ನಿ. ಒಬ್ಬರಿಗೆ ಒಂದು ಗೀರು, ಬೇಕಾದರೆ ತಲೆಗೊಂದು ಚುಕ್ಕೆ. ಮುಖ, ಕೈಕಾಲು ಬೇಡವೇ ಬೇಡ.

ಎಣ್ಣೆಬಣ್ಣದ ಬದಲು ಅಕ್ರಿಲಿಕ್ ಬಳಸುವವರಿಗೆ ಒಂದು ಮಾತು: ಅದು ಬೇಗ ಒಣಗುವುದರಿಂದ ಪ್ರಭೆಯ ಅಂಚು ಗಟ್ಟಿಯಾಗಿಬಿಡುತ್ತದೆ. ಒಣಗುವುದನ್ನು ತಡಮಾಡುವ ರಿಟಾರ್ಡರ್ ದ್ರಾವಣ ಬೆರೆಸಿ, ಇಲ್ಲವೇ ಒಂದೊಂದು ದೀಪದ ಸುತ್ತಲಿನ ಜಾಗವನ್ನಷ್ಟೇ ಒದ್ದೆ ಮಾಡಿಕೊಂಡು ಮುಗಿಸುತ್ತಾ ಹೋಗಿ.